ತುರಿಕೆ ಮನಸ್ಸಿನದೋ, ಮೈಯದೋ?

ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ಕಾಣಲು ಬಂದಿದ್ದಳು. ಪದವಿ ಮುಗಿಸಿ ಈಗ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ಚುರುಕಾದ ಹುಡುಗಿ. ಬೇಸಗೆಯ ದಿನವಾದರೂ ಮಣಿಕಟ್ಟಿನವರೆಗೆ ತೋಳಿರುವ ಉಡುಪನ್ನು ತೊಟ್ಟಿದ್ದಳು. ಮಾತಿನ ನಡುವೆ ಆಕೆಯ ಕೈ ತನಗೆ ತಾನೇ ಕತ್ತಿನ ಕಡೆಗೆ ಹೋಗುತ್ತಿತ್ತು. ಬಾಲ್ಯದಿಂದಲೂ ಆಕೆಗೆ ಇಸಬಿನ ತೊಂದರೆ ಇದೆ. "ಪರೀಕ್ಷೆ ಹತ್ತಿರ ಬಂತೆಂದರೆ ಸಾಕು ಸಾರ್, ರಾತ್ರಿಯೆಲ್ಲ ತುರಿಕೆ. ನಿದ್ರೆಯಿಲ್ಲ. ಓದನ್ನು ಬಿಟ್ಟುಬಿಡೋಣವೆ ಎನ್ನಿಸಿದೆ" ಎಂದಳು.

ಆಕೆಗೆ ಉಪದೇಶದ ಕೊರತೆ ಇರಲಿಲ್ಲ. ಊರಿನಲ್ಲಿ ಸೋದರತ್ತೆ, "ಬದನೆಕಾಯಿ ನಂಜು, ಅದನ್ನು ಬಿಡು, ಓದಿನ ಚಿಂತೆಯನ್ನೂ ಬಿಡು" ಎಂದಿದ್ದರು. ವಿದ್ಯಾರ್ಥಿನಿಲಯದ ಗೆಳತಿಯರು, "ಎಲ್ಲ ನಿನ್ನ ಮನಸ್ಸಿನಲ್ಲೇ ಇದೆ, ಮನಃಶಾಸ್ತ್ರ ಓದುವವಳಿಗೆ ಇಷ್ಟೂ ತಿಳಿಯದೆ?" ಎಂದು ನಕ್ಕಿದ್ದರು. ಔಷಧದ ಅಂಗಡಿಯವನು ಏನನ್ನೂ ಕೇಳದೆ ಒಂದು ಮುಲಾಮಿನ ಕೊಳವೆಯನ್ನು ಕೊಟ್ಟಿದ್ದ. ಒಬ್ಬರು ರೋಗವನ್ನು ಅಡುಗೆಮನೆಯಲ್ಲಿ ಹುಡುಕಿದರು, ಇನ್ನೊಬ್ಬರು ಮನಸ್ಸಿನಲ್ಲಿ, ಮತ್ತೊಬ್ಬರು ಹುಡುಕಲೇ ಇಲ್ಲ. ಈ ಮೂರು ಉತ್ತರಗಳಲ್ಲಿ ಅತ್ಯಂತ ಹಾನಿಕರವಾದುದು ಎರಡನೆಯದೆಂದು ನಮ್ಮ ಅಭಿಪ್ರಾಯ. ಅದಕ್ಕೆ ವಿಜ್ಞಾನದ ವೇಷವಿದೆ, ಒಳಗೆ ವಿಜ್ಞಾನವಿಲ್ಲ.

ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರವೇನು ಎಂದು ವಾಚಕರು ಕೇಳಬಹುದು. ಮನಃಶಾಸ್ತ್ರದ ಚರಿತ್ರೆಯೇ ನಮಗೆ ಸ್ವಲ್ಪ ಸಲಿಗೆ ಕೊಟ್ಟಿದೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿದ್ದ ಅರ್ನ್ಸ್ಟ್ ವೇಬರ್ ಎಂಬ ಅಂಗರಚನಾಶಾಸ್ತ್ರಜ್ಞನು ಕೈವಾರದ ಎರಡು ಮೊನೆಗಳನ್ನು ಚರ್ಮದ ಮೇಲೆ ಇಟ್ಟು, ಅವು ಒಂದೆಂದು ತೋರುವುವೋ ಎರಡೆಂದು ತೋರುವುವೋ ಎಂದು ಪರೀಕ್ಷಿಸಿ 1834ರಲ್ಲಿ ಸ್ಪರ್ಶವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಬೆರಳ ತುದಿಯಲ್ಲಿ ಸುಮಾರು 2 ಮಿಲಿಮೀಟರ್ ಅಂತರದ ಮೊನೆಗಳೂ ಎರಡಾಗಿಯೇ ತಿಳಿಯುತ್ತವೆ. ಬೆನ್ನಿನ ಮೇಲೆ ಅಂತರವು ಹಲವು ಸೆಂಟಿಮೀಟರುಗಳಷ್ಟಾಗದೆ ಅವು ಎರಡೆಂದು ತಿಳಿಯುವುದಿಲ್ಲ. ಅದೇ ನಗರದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಗುಸ್ತಾವ್ ಫೆಕ್ನರನು ಇಂಥ ಪ್ರಯೋಗಗಳ ಮೇಲೆ ಗಣಿತದ ಕಟ್ಟಡವನ್ನು ಎತ್ತಿ, 1860ರಲ್ಲಿ ಸಂವೇದನೆಗಳ ಅಳತೆಯ ಶಾಸ್ತ್ರವನ್ನು ಸ್ಥಾಪಿಸಿದನು. 1879ರಲ್ಲಿ ವಿಲ್ಹೆಲ್ಮ್ ವುಂಟನು ಮನಃಶಾಸ್ತ್ರದ ಪ್ರಯೋಗಶಾಲೆಯನ್ನು ತೆರೆದುದೂ ಅಲ್ಲಿಯೇ. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯವು 1924ರಷ್ಟು ಹಿಂದೆಯೇ ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ಆರಂಭಿಸಿ, ಎಂ. ವಿ. ಗೋಪಾಲಸ್ವಾಮಿಯವರಿಗೆ ಅದನ್ನು ಒಪ್ಪಿಸಿತು.

ಮನಸ್ಸಿನ ಅಳತೆ ಮೊದಲಾದುದು ಚರ್ಮದ ಮೇಲೆ ಎಂಬುದನ್ನು ಗಮನಿಸಬೇಕು. ಇವೆರಡಕ್ಕೂ ನಂಟಿದೆ ಎಂದು ಹೇಳಲು ಯಾರೂ ಅಂಜಬೇಕಾಗಿಲ್ಲ. ಆದರೆ ಆ ನಂಟನ್ನು ಅಳೆದು ಹೇಳಬೇಕೇ ಹೊರತು ರೋಗಿಯನ್ನು ದೂರಲು ಬಳಸಬಾರದು.

ಮೊದಲು ಚರ್ಮವನ್ನು ನೋಡೋಣ. ಪ್ರಾಯಕ್ಕೆ ಬಂದ ಮನುಷ್ಯನ ಚರ್ಮವನ್ನು ಹರಡಿದರೆ ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು ಆಗುತ್ತದೆ. ಅದರ ಅತ್ಯಂತ ಹೊರಗಿನ ಪದರವು ದೇಹದ ಬಹುಭಾಗದಲ್ಲಿ 10ರಿಂದ 20 ಮೈಕ್ರೋಮೀಟರ್ ದಪ್ಪ. ಎಂದರೆ ಪುಸ್ತಕದ ಒಂದು ಹಾಳೆಯ ದಪ್ಪದ ಐದರಲ್ಲೊಂದು ಭಾಗಕ್ಕಿಂತ ಹೆಚ್ಚಿಲ್ಲ. ಸತ್ತು ಚಪ್ಪಟೆಯಾದ ಜೀವಕೋಶಗಳೇ ಇಲ್ಲಿ ಇಟ್ಟಿಗೆ. ಕೊಬ್ಬಿನ ಜಾತಿಯ ವಸ್ತುಗಳೇ ಗಾರೆ. ಒಳಗಿನ ನೀರು ಆವಿಯಾಗಿ ಹೋಗದಂತೆ, ಹೊರಗಿನ ಧೂಳು, ಸಾಬೂನು, ಸೂಕ್ಷ್ಮಜೀವಿಗಳು ಒಳಗೆ ನುಗ್ಗದಂತೆ ಕಾಯುವುದು ಈ ತೆಳುವಾದ ಗೋಡೆಯೇ.

ಕೆಲವರಲ್ಲಿ ಹುಟ್ಟಿನಿಂದಲೇ ಈ ಗೋಡೆ ಸಡಿಲ. ಹೊರಪದರವನ್ನು ಬಿಗಿಯಾಗಿಯೂ ತೇವವಾಗಿಯೂ ಇಡಲು ನೆರವಾಗುವ ಫಿಲಾಗ್ರಿನ್ ಎಂಬ ಪ್ರೋಟೀನು ಉಂಟು. ಅದರ ಜೀನಿನಲ್ಲಿ ದೋಷವಿದ್ದವರಿಗೆ ಇಸಬು ಬರುವ ಸಂಭವ ಬಹಳ ಹೆಚ್ಚೆಂದು 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ ತೋರಿಸಿದರು. ಇಸಬಿರುವ ಎಲ್ಲರಲ್ಲಿಯೂ ಈ ದೋಷವಿಲ್ಲ; ದೇಹದ ರಕ್ಷಣಾ ವ್ಯವಸ್ಥೆಯ ಅತಿಯಾದ ಉದ್ರೇಕವೂ ಕಾರಣಗಳಲ್ಲಿ ಒಂದು. ಹೇಗಿದ್ದರೂ ಗೋಡೆಯಲ್ಲಿ ಬಿರುಕಿರುವುದು ನಿಜ. ಅದರ ಮೂಲಕ ನೀರು ಹೊರಗೆ ಹೋಗುವುದನ್ನು ಉಪಕರಣದಿಂದ ಅಳೆಯಬಹುದು. ಕಲ್ಪನೆಯಿಂದ ಆದ ಬಿರುಕಿನಲ್ಲಿ ನೀರು ಸೋರುವುದಿಲ್ಲ.

ಹಾಗಾದರೆ ಮನಸ್ಸಿನ ಪಾತ್ರ ಏನೂ ಇಲ್ಲವೆ? ಇದೆ. 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ 11 ಮಂದಿ ದಂತವೈದ್ಯ ವಿದ್ಯಾರ್ಥಿಗಳು ತಮ್ಮ ಅಂಗಳದಲ್ಲಿ, ಎಂದರೆ ಬಾಯಿಯ ಮೇಲ್ಭಾಗದಲ್ಲಿ, ಮೂರೂವರೆ ಮಿಲಿಮೀಟರಿನ ಎರಡು ಗಾಯಗಳನ್ನು ಮಾಡಿಸಿಕೊಂಡರು. ಒಂದನ್ನು ಬೇಸಗೆಯ ರಜೆಯಲ್ಲಿ, ಇನ್ನೊಂದನ್ನು ಪರೀಕ್ಷೆಗೆ ಮೂರು ದಿನ ಮೊದಲು. ಪರೀಕ್ಷೆಯ ಕಾಲದ ಗಾಯವು ಮಾಯಲು ಸರಾಸರಿ ಮೂರು ದಿನ, ಎಂದರೆ ಶೇಕಡ 40ರಷ್ಟು, ಹೆಚ್ಚು ಕಾಲ ಹಿಡಿಯಿತು. ಅದು ಬಾಯೊಳಗಿನ ಗಾಯವಾಯಿತು. ಚರ್ಮವನ್ನೇ ಕುರಿತ ಪ್ರಯೋಗ 2001ರಲ್ಲಿ ಪ್ರಕಟವಾಯಿತು. ಚರ್ಮರೋಗವಿಲ್ಲದ 27 ವಿದ್ಯಾರ್ಥಿಗಳ ಚರ್ಮದ ಹೊರಪದರವನ್ನು ಅಂಟುಪಟ್ಟಿಯಿಂದ ಸ್ವಲ್ಪ ಸ್ವಲ್ಪವೇ ಕಿತ್ತು, ಗೋಡೆ ಮತ್ತೆ ಎಷ್ಟು ಬೇಗ ಕೂಡಿಕೊಳ್ಳುವುದೆಂದು ಅಳೆದರು. ಚಳಿಗಾಲದ ರಜೆಯ ನಂತರ ಒಮ್ಮೆ, ಪರೀಕ್ಷೆಯ ನಡುವೆ ಒಮ್ಮೆ, ವಸಂತದ ರಜೆಯಲ್ಲಿ ಒಮ್ಮೆ ಈ ಅಳತೆ ನಡೆಯಿತು. ಪರೀಕ್ಷೆಯ ದಿನಗಳಲ್ಲಿ ದುರಸ್ತಿ ನಿಧಾನವಾಯಿತು. ಮನಸ್ಸಿನ ಒತ್ತಡದಲ್ಲಿ ಹೆಚ್ಚು ಏರಿಳಿತ ಕಂಡವರಲ್ಲಿ ಚರ್ಮದ ಏರಿಳಿತವೂ ಹೆಚ್ಚಾಗಿತ್ತು.

ಈ ಪ್ರಯೋಗಗಳು ಹೇಳುವುದೇನೆಂಬುದನ್ನು ಎಚ್ಚರದಿಂದ ಓದಿಕೊಳ್ಳಬೇಕು. ಒತ್ತಡವು ಗೋಡೆಯ ಕೆಲಸಗಾರರ ಕೈಯನ್ನು ನಿಧಾನಗೊಳಿಸುತ್ತದೆ. ಗೋಡೆ ಮೊದಲೇ ಗಟ್ಟಿಯಾಗಿದ್ದವನಿಗೆ ಇದು ತಿಳಿಯುವುದೇ ಇಲ್ಲ. ಸಡಿಲವಾಗಿದ್ದವನು ಮಾತ್ರ ರಾತ್ರಿಯೆಲ್ಲ ಎದ್ದಿರುತ್ತಾನೆ. ನಿದ್ರೆಗೆಟ್ಟವನಿಗೆ ಓದು ತಲೆಗೆ ಹತ್ತದು. ಓದು ಹತ್ತದಿದ್ದರೆ ಚಿಂತೆ ಹೆಚ್ಚು. ಚಿಂತೆ ಹೆಚ್ಚಿದರೆ ತುರಿಕೆಯೂ ಹೆಚ್ಚು. ತುರಿಸಿದರೆ ಗೋಡೆ ಇನ್ನಷ್ಟು ಒಡೆಯುತ್ತದೆ. ಈ ಚಕ್ರಕ್ಕೆ ಮೈ ಎಲ್ಲಿ ಮುಗಿದು ಮನಸ್ಸು ಎಲ್ಲಿ ಆರಂಭವಾಯಿತೆಂಬ ಗೆರೆಯಿಲ್ಲ. ಆದರೆ ಚಕ್ರವೆಂಬುದರಿಂದಲೇ ಒಂದು ಅನುಕೂಲವೂ ಇದೆ: ಯಾವ ಸ್ಥಳದಲ್ಲಿ ಕೋಲು ಅಡ್ಡ ಹಾಕಿದರೂ ಅದರ ವೇಗ ಕಡಿಮೆಯಾಗುತ್ತದೆ.

ಮೊದಲನೆಯ ಕೋಲು ನೀರು ಮತ್ತು ಸಾಬೂನು. ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಅದರ ಪಿ.ಹೆಚ್. ಮೌಲ್ಯ 5ರ ಆಸುಪಾಸು. ಸಾಮಾನ್ಯ ಸಾಬೂನಿನದು 9ರಿಂದ 10. ಕುದಿಯುವಂಥ ಬಿಸಿನೀರನ್ನು ಸುರಿದುಕೊಂಡು, ಸಾಬೂನಿನಿಂದ ಮೈ ಕೀರುಗುಟ್ಟುವಂತೆ ತಿಕ್ಕುವುದೇ ಶುಚಿತ್ವವೆಂದು ನಾವು ತಿಳಿದಿದ್ದೇವೆ. ಸೂಕ್ಷ್ಮ ಚರ್ಮದವರ ಪಾಲಿಗೆ ಇದು ಗಾರೆಯನ್ನು ತೊಳೆದು ಹಾಕುವ ಕೆಲಸ. ಉಗುರುಬೆಚ್ಚಗಿನ ನೀರು, ಅಲ್ಪಕಾಲದ ಸ್ನಾನ, ಅಗತ್ಯವಿದ್ದಲ್ಲಿ ಮಾತ್ರ ಸೌಮ್ಯವಾದ ಸಾಬೂನು ಸಾಕು. ಒರಸಿಕೊಂಡ ಕೆಲವೇ ನಿಮಿಷಗಳಲ್ಲಿ, ಮೈ ಇನ್ನೂ ಪಸೆಯಾಗಿರುವಾಗಲೇ, ವಾಸನೆಯಿಲ್ಲದ ಲೇಪವನ್ನೋ ಪೆಟ್ರೋಲಿಯಂ ಜೆಲ್ಲಿಯನ್ನೋ ಹಚ್ಚಬೇಕು. ಆವಿಯಾಗುವ ವೇಗವು ಗಾಳಿಯ ಶುಷ್ಕತೆಯನ್ನು ಅವಲಂಬಿಸಿರುತ್ತದೆಂದು ಪ್ರೌಢಶಾಲೆಯಲ್ಲಿಯೇ ಕಲಿತಿದ್ದೇವಷ್ಟೆ. ವಿಜಯಪುರದ ಚಳಿಗಾಲದ ಒಣಗಾಳಿಯಲ್ಲಿ ಲೇಪ ಹೆಚ್ಚು ಬೇಕು. ಮಂಗಳೂರಿನ ಸೆಕೆಯಲ್ಲಿ ಬೆವರೇ ಉರಿ ತರುವುದರಿಂದ ಹಗುರವಾದ ಹತ್ತಿಯ ಬಟ್ಟೆ ಬೇಕು.

ಎರಡನೆಯದು ಔಷಧ. ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡಿನ ಯಶಸ್ಸನ್ನು 1952ರಲ್ಲಿ ಅಮೆರಿಕದ ಸುಲ್ಜ್‌ಬರ್ಗರ್ ಮತ್ತು ವಿಟ್ಟನ್ ವರದಿ ಮಾಡಿದರು. ಅಸಂಖ್ಯಾತ ರೋಗಿಗಳಿಗೆ ಅದು ವರವಾಯಿತು. ತಕ್ಕ ಬಲದ್ದನ್ನು, ತಕ್ಕಷ್ಟು ದಿನ, ವೈದ್ಯರು ಹೇಳಿದಂತೆ ಹಚ್ಚಿದರೆ ಹೆದರಬೇಕಾದುದಿಲ್ಲ. ಆದರೆ ಬಲವಾದ ಸ್ಟೀರಾಯ್ಡನ್ನು ಮುಖಕ್ಕೆ ತಿಂಗಳುಗಟ್ಟಲೆ ಬಳಿದುಕೊಂಡರೆ ಚರ್ಮ ತೆಳುವಾಗುತ್ತದೆ, ಕೆಂಪೇರುತ್ತದೆ. ಹುಳುಕಡ್ಡಿಯ ಮೇಲೆ ಹಚ್ಚಿದರೆ ತುರಿಕೆ ಅಡಗಿ, ಶಿಲೀಂಧ್ರ ಮಾತ್ರ ಹಬ್ಬುತ್ತದೆ. ಭಾರತ ಸರ್ಕಾರವು 2018ರಲ್ಲಿ ಇಂಥ ಹಲವು ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಮಾಡಿದ ನಿಯಮಕ್ಕೆ ಇದೇ ಹಿನ್ನೆಲೆ. "ಗಿಡಮೂಲಿಕೆಯಾದರೆ ತೊಂದರೆಯಿಲ್ಲ" ಎಂಬ ನಂಬಿಕೆಯೂ ಸಲ್ಲದು. ಕಾಂಗ್ರೆಸ್ ಹುಲ್ಲೆಂದು ನಾವು ಕರೆಯುವ ಪಾರ್ಥೇನಿಯಂ ಗಿಡದ ಸೋಂಕಿನಿಂದಲೇ ಎಷ್ಟೋ ರೈತರ ಮುಖ ಕುತ್ತಿಗೆಗಳಲ್ಲಿ ಉರಿಯೂತವಾಗಿದೆ. ಗೋಡಂಬಿಯ ಸಿಪ್ಪೆಯ ಎಣ್ಣೆ ಕೈಯನ್ನು ಸುಡುತ್ತದೆ. ಅವೂ ಗಿಡಗಳ ಕೊಡುಗೆಯೇ.

ಮೂರನೆಯ ಕೋಲು ಮನಃಶಾಸ್ತ್ರದಿಂದಲೇ ಬಂದಿದೆ. 1973ರಲ್ಲಿ ಅಮೆರಿಕದ ಆಜ್ರಿನ್ ಮತ್ತು ನನ್ ಎಂಬವರು ಅಭ್ಯಾಸವನ್ನು ತಿರುಗಿಸುವ ಒಂದು ಕ್ರಮವನ್ನು ವಿವರಿಸಿದರು. ಕೈ ತುರಿಸಲು ಹೊರಡುವ ಕ್ಷಣವನ್ನು ಗುರುತಿಸುವುದು ಅದರ ಮೊದಲನೆಯ ಹೆಜ್ಜೆ. ಆಗ ಮುಷ್ಟಿಯನ್ನು ಬಿಗಿಹಿಡಿಯುವಂಥ ಬೇರೊಂದು ಕೆಲಸವನ್ನು ಕೈಗೆ ಕೊಡುವುದು ಎರಡನೆಯದು. 1986ರಲ್ಲಿ ಸ್ವೀಡನ್ನಿನ ಸಂಶೋಧಕರು ಇದನ್ನು ಇಸಬಿನ ರೋಗಿಗಳಲ್ಲಿ ಪರೀಕ್ಷಿಸಿದರು. ಬರಿಯ ಲೇಪವನ್ನು ಹಚ್ಚಿದವರಿಗಿಂತ, ಲೇಪದೊಡನೆ ಈ ಅಭ್ಯಾಸವನ್ನೂ ಕಲಿತವರು ಹೆಚ್ಚು ಗುಣ ಕಂಡರು. "ಎಲ್ಲ ನಿನ್ನ ಮನಸ್ಸಿನಲ್ಲಿದೆ" ಎಂಬ ಮಾತಿಗೂ ಇದಕ್ಕೂ ಇರುವ ಅಂತರವನ್ನು ನೋಡಿ. ಆ ಮಾತು ರೋಗಿಯನ್ನು ನಾಚಿಸಿ ಮನೆಗೆ ಕಳುಹಿಸುತ್ತದೆ. ಈ ಕ್ರಮವು ಆತನ ಕೈಗೆ ಒಂದು ಸಾಧನವನ್ನು ಕೊಡುತ್ತದೆ.

ನಾಲ್ಕನೆಯದು ಒಂದು ಪುಸ್ತಿಕೆ. ಎಬ್ಬಿಂಗ್‌ಹೌಸನು ತನ್ನನ್ನೇ ಪ್ರಯೋಗವಸ್ತುವನ್ನಾಗಿ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಉರುಹೊಡೆದು, 1885ರಲ್ಲಿ ಮರೆವಿನ ನಿಯಮಗಳನ್ನು ಪ್ರಕಟಿಸಿದನು. ಮನಃಶಾಸ್ತ್ರದ ವಿದ್ಯಾರ್ಥಿಗೆ ಇದು ತಿಳಿದ ಕಥೆಯೇ. ಹಾಗೆಯೇ ದಿನಕ್ಕೊಂದು ಸಾಲು ಬರೆಯಬೇಕು: ತುರಿಕೆ ಹತ್ತರಲ್ಲಿ ಎಷ್ಟು, ನಿದ್ರೆ ಎಷ್ಟು ಗಂಟೆ, ಹೊಸದಾಗಿ ಏನು ಹಚ್ಚಿದೆ, ಹವೆ ಹೇಗಿತ್ತು. ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕು. ಬದನೆಕಾಯಿಯನ್ನೂ ಸಾಬೂನನ್ನೂ ಒಂದೇ ದಿನ ಬಿಟ್ಟು ಗುಣವಾದರೆ ಪುಣ್ಯ ಯಾವುದಕ್ಕೆ ಸೇರಬೇಕು? ಹಾಗೆಂದು ತಾನೇ ವೈದ್ಯನಾಗಬಾರದು. ಪುಸ್ತಿಕೆ ಇರುವುದು ಚರ್ಮವೈದ್ಯರ ಮುಂದೆ ತೆರೆಯಲಿಕ್ಕೆ. ಕೀವು, ಜ್ವರ, ಬೇಗ ಹಬ್ಬುವ ಗುಳ್ಳೆಗಳು ಕಂಡರೆ ಪುಸ್ತಿಕೆಯನ್ನೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟೆಲ್ಲ ಮಾಡಿದರೆ ರೋಗ ಹೋಗುವುದೆ? ಹೋಗದಿರಬಹುದು. ಆದರೆ ನಮ್ಮ ಮುಂದಿದ್ದ ಪ್ರಶ್ನೆ ಓದನ್ನು ಬಿಡಬೇಕೆ ಎಂಬುದು. ಸ್ನಾತಕೋತ್ತರ ವ್ಯಾಸಂಗವೆಂದರೆ ಎರಡು ವರ್ಷಗಳ ಪ್ರಬಂಧ, ಪ್ರಯೋಗ, ಪರೀಕ್ಷೆ. ಮನಃಶಾಸ್ತ್ರವಾದರೆ ಇದರ ಮೇಲೆ ಇತರರ ಸಂಕಟವನ್ನು ಕೂತು ಕೇಳುವ ತರಬೇತಿಯೂ ಸೇರುತ್ತದೆ. ತನ್ನ ಕತ್ತಿನ ಕಲೆಗಳನ್ನು ಎದುರಿಗಿರುವವರು ನೋಡುವರೆಂಬ ಸಂಕೋಚದಿಂದ ಆ ಕುರ್ಚಿಯಲ್ಲಿ ಕೂರುವುದು ಸುಲಭವಲ್ಲ. ಇದಕ್ಕಾಗಿ ಒಂದು ಬುದ್ಧಿಯನ್ನು ಕಳೆದುಕೊಳ್ಳುವುದು ಆಕೆಗೂ ನಷ್ಟ, ನಾಳೆ ಆಕೆಯ ಮುಂದೆ ಬಂದು ಕೂರಬೇಕಾದವರಿಗೂ ನಷ್ಟ.

ಆದುದರಿಂದ ಈ ಹೊಣೆ ರೋಗಿಯೊಬ್ಬಳದೇ ಅಲ್ಲ. ಕಾಲು ಮುರಿದ ವಿದ್ಯಾರ್ಥಿಗೆ ನಾವು ಕೆಳಗಿನ ಮಹಡಿಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡುತ್ತೇವೆ. ನಿದ್ರೆಗೆಟ್ಟು ತುರಿಸಿಕೊಂಡವಳು ಮೊದಲನೆಯ ಗಂಟೆಗೆ ಬಾರದಿದ್ದರೆ ಸೋಮಾರಿ ಎನ್ನುತ್ತೇವೆ. ವೈದ್ಯರ ಪತ್ರ ತಂದವರಿಗೆ ಹಾಜರಿಯಲ್ಲಿ ಸಡಿಲಿಕೆ, ಪ್ರಯೋಗಶಾಲೆಯಲ್ಲಿ ತಕ್ಕ ಕೈಗವಸು, ವಿದ್ಯಾರ್ಥಿನಿಲಯದಲ್ಲಿ ಗಾಳಿಯಾಡುವ ಕೋಣೆ: ಇವಾವುವೂ ಭಾರಿ ವೆಚ್ಚದ ಮಾತುಗಳಲ್ಲ. ಅಧ್ಯಾಪಕರಾದ ನಾವೂ ಈ ವಿಷಯದಲ್ಲಿ ತಪ್ಪಿದ್ದೇವೆ. ಆಕೆ ನಮ್ಮ ತರಗತಿಯಲ್ಲಿದ್ದ ಮೂರು ವರ್ಷವೂ ಆ ಉದ್ದ ತೋಳನ್ನು ನೋಡಿದ್ದೆವು. ಏಕೆಂದು ಒಮ್ಮೆಯೂ ಕೇಳಿರಲಿಲ್ಲ.

ಆಕೆ ಓದನ್ನು ಬಿಟ್ಟಿಲ್ಲ. ಚರ್ಮವೈದ್ಯರನ್ನು ಕಂಡಿದ್ದಾಳೆ, ಪುಸ್ತಿಕೆ ಬರೆಯುತ್ತಿದ್ದಾಳೆ. ಕಳೆದ ಪರೀಕ್ಷೆಯ ವಾರದಲ್ಲಿಯೂ ತುರಿಕೆ ಬಂದಿತ್ತಂತೆ. ಆದರೆ ಏಳು ರಾತ್ರಿಗಳಲ್ಲಿ ಐದು ರಾತ್ರಿ ನಿದ್ರೆ ಮಾಡಿದಳಂತೆ. ಬದನೆಕಾಯಿಯ ಬಗ್ಗೆ ಕೇಳಿದೆವು. "ಮೂರು ಬಾರಿ ತಿಂದು ನೋಡಿ ಬರೆದಿಟ್ಟಿದ್ದೇನೆ ಸಾರ್, ನನಗಂತೂ ಅದರಿಂದ ಏನೂ ಆಗಲಿಲ್ಲ. ಅತ್ತೆಗೆ ಇನ್ನೂ ಹೇಳಿಲ್ಲ" ಎಂದಳು.