ಪದ ತಿಳಿಯದಿದ್ದರೂ ನಮ್ಮದೇ ಅನ್ನಿಸುವ ಹಾಡು

ಒಂಬತ್ತು ಹಾಡು, ಒಟ್ಟು ಸುಮಾರು 37 ನಿಮಿಷ. ಸಿಲ್ಕ್ ಬೋರ್ಡ್ ಹತ್ರ ಸಿಕ್ಕಿಹಾಕ್ಕೊಂಡ ಒಂದು ಸಂಜೆಗೆ ಇಡೀ ಆಲ್ಬಂ ಮುಗಿದುಹೋಗುತ್ತೆ. 'ಬಾನ್ ಈವೇರ್' ಅನ್ನೋ ಹೆಸರಲ್ಲಿ ಹಾಡುವ ಅಮೆರಿಕದ ಜಸ್ಟಿನ್ ವರ್ನನ್‌ನ 'ಫಾರ್ ಎಮ್ಮಾ, ಫಾರೆವರ್ ಅಗೋ' ಬಗ್ಗೆ ಹೇಳ್ತಿದ್ದೀನಿ. ಬಂದಿದ್ದು 2007ರಲ್ಲಿ. ಇಷ್ಟು ಹಳೇದು ಈಗ್ಯಾಕೆ ಅಂತೀರಾ? ನಮ್ಮ ಟೀಮಿನ ಹುಡುಗನೊಬ್ಬ ಎಂಟು ತಿಂಗಳಿಂದ ಇದನ್ನೇ ಕೇಳ್ತಿದ್ದಾನೆ, ಅದಕ್ಕೆ.

ಆಲ್ಬಂ ಹುಟ್ಟಿದ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬ್ಯಾಂಡ್ ಒಡೀತು, ಪ್ರೀತಿ ಮುರೀತು, ಮೇಲಿಂದ ಕಾಯಿಲೆ. 2006ರ ಚಳಿಗಾಲ ಶುರುವಾಗೋ ಹೊತ್ತಿಗೆ ವರ್ನನ್ ಊರು ಬಿಟ್ಟು ವಿಸ್ಕಾನ್ಸಿನ್‌ನ ಕಾಡಿನಲ್ಲಿದ್ದ ಅಪ್ಪನ ಮನೆ ಸೇರಿಕೊಂಡ. ಸೌದೆ ಕಡಿಯೋದು, ಊಟಕ್ಕೆ ಜಿಂಕೆ ಬೇಟೆ, ಉಳಿದ ಹೊತ್ತು ಒಂದು ಸಾಧಾರಣ ಮೈಕು, ಹಳೇ ಗಿಟಾರು, ಕಂಪ್ಯೂಟರು. ಒಬ್ಬನೇ ಮಾಡಿದ ಅನ್ನೋದು ಪೂರ್ತಿ ನಿಜ ಅಲ್ಲ. ಶೀರ್ಷಿಕೆ ಗೀತೆಯ ತುತ್ತೂರಿಗಳನ್ನ ಬೇರೆಯವರು ನುಡಿಸಿದ್ದಾರೆ. ಆದರೆ ಹೆಚ್ಚುಕಮ್ಮಿ ಒಬ್ಬನೇ.

ಮೊದಲು ಅವನೇ ಸುಮಾರು 500 ಸಿಡಿ ಮಾಡಿಸಿ ಹಂಚಿದ. ಕೇಳಿದವರು ಇನ್ನೊಬ್ಬರಿಗೆ ಹೇಳಿದರು, ಸಂಗೀತದ ಬಗ್ಗೆ ಬರೆಯುವವರು ಬರೆದರು. ಕಂಪನಿಯ ಮೂಲಕ ಬಿಡುಗಡೆಯಾಗಿದ್ದು 2008ರ ಫೆಬ್ರವರಿಯಲ್ಲಿ. ಕೇಳುಗರು ಮೊದಲು, ಕಂಪನಿ ಆಮೇಲೆ. ಗ್ರ್ಯಾಮಿಯವರಂತೂ 2012ರಲ್ಲಿ, ಎರಡನೇ ಆಲ್ಬಂ ಕೂಡ ಬಂದಮೇಲೆ, ಇವನಿಗೆ 'ಅತ್ಯುತ್ತಮ ಹೊಸ ಕಲಾವಿದ' ಪ್ರಶಸ್ತಿ ಕೊಟ್ಟರು!

ಕಾಡು, ಹಿಮ, ಮುರಿದ ಮನಸ್ಸು ಅಂತ ಈ ಕಥೆಯನ್ನೇ ಮಾರಿದವರು ಬಹಳ ಮಂದಿ. ನನಗನ್ನಿಸೋದು, ಜನ ಇದನ್ನ ಇಟ್ಟುಕೊಂಡಿದ್ದು ಕಥೆಗಾಗಿ ಅಲ್ಲ. ವರ್ನನ್ ಮೊದಲು ಪದಗಳಿಲ್ಲದೆ ಬರೀ ರಾಗ ಹಾಡಿ ರೆಕಾರ್ಡ್ ಮಾಡ್ಕೊತಿದ್ದ. ಆಮೇಲೆ ಅದನ್ನೇ ಮತ್ತೆ ಮತ್ತೆ ಕೇಳಿ, ಆ ಸದ್ದಿಗೆ ಹತ್ತಿರದ ಪದ ಹುಡುಕಿ ಕೂರಿಸ್ತಿದ್ದ. ನಮ್ಮ ಸಿನಿಮಾದಲ್ಲೂ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ ಅನ್ನೋದು ಮಾಮೂಲಿ. ಆದರೆ ಅಲ್ಲಿ ಸಾಲಿಗೊಂದು ಅರ್ಥ ಇರಲೇಬೇಕು. ಭಾವಗೀತೆಯಲ್ಲಂತೂ ಕವಿತೆಯೇ ಮೊದಲು, ಸಿ. ಅಶ್ವತ್ಥ್ ಹಾಡಿದರೆ ಒಂದಕ್ಷರ ತಪ್ಪದೆ ಕಿವಿಗೆ ಬೀಳುತ್ತೆ. ಅಂಥದ್ದನ್ನ ಕೇಳಿ ಬೆಳೆದ ನನಗೆ ಈ ವರ್ನನ್ ಬಾಯೊಳಗೇ ಪದ ನುಂಗ್ತಾನೆ ಅನ್ನಿಸಿ ಸಿಟ್ಟು ಬಂದಿತ್ತು. ಈಗಲೂ ಮಧ್ಯದ ಒಂದೆರಡು ಹಾಡು ನನಗೆ ಒಂದೇ ಥರ ಕೇಳಿಸುತ್ತವೆ.

ನಮ್ಮ ಹುಡುಗನಿಗೆ ಹಾಗಲ್ಲ. ಅವನು ಹಾವೇರಿ ಕಡೆಯವನು. ಹೋದ ವರ್ಷ ಅವನ ಅಪ್ಪ ತೀರಿಕೊಂಡರು. ಊರಲ್ಲಿ ಅವ್ವ ಒಬ್ಬರೇ ಅಂತ ಪ್ರತಿ ಶುಕ್ರವಾರ ರಾತ್ರಿ ಬಸ್ ಹತ್ತುತ್ತಾನೆ, ಸೋಮವಾರ ಬೆಳಿಗ್ಗೆ ಕೆಂಪು ಕಣ್ಣಲ್ಲಿ ಸ್ಟ್ಯಾಂಡ್‌ಅಪ್ ಮೀಟಿಂಗಿಗೆ ಬರ್ತಾನೆ. ಆಫೀಸಲ್ಲಿ ಅಪ್ಪನ ಸುದ್ದಿ ಎತ್ತೋದಿಲ್ಲ. ಏನು ಹೇಳ್ತಾನಪ್ಪಾ ಆ ಹಾಡಲ್ಲಿ ಅಂತ ಒಮ್ಮೆ ಕೇಳಿದೆ.

"ಗೊತ್ತಿಲ್ರೀ. ಒಬ್ಬನ ಕುಂತಾಂವನ ಸುತ್ತ ಮಂದಿ ಕುಂತಂಗ ಕೇಳಸ್ತೈತಿ" ಅಂದ.

ಈ ಮಾತು ತಲೆಯಲ್ಲಿ ಉಳೀತು. ಯಾಕಂದ್ರೆ ತಾಂತ್ರಿಕವಾಗಿಯೂ ಅದು ಸರಿ. ವರ್ನನ್ ಒಂದೇ ಸಾಲನ್ನ ತನ್ನದೇ ತೆಳು ಎತ್ತರದ ದನಿಯಲ್ಲಿ ಮತ್ತೆ ಮತ್ತೆ ಹಾಡಿ ಒಂದರ ಮೇಲೊಂದು ಇಟ್ಟಿದ್ದಾನೆ. ಒಂದೇ ಟೇಕ್ ಕಾಪಿ-ಪೇಸ್ಟ್ ಮಾಡಿದರೆ ವಾಲ್ಯೂಮ್ ಜಾಸ್ತಿಯಾಗುತ್ತೆ, ಅಷ್ಟೆ. ಪ್ರತಿ ಸಲ ಹೊಸದಾಗಿ ಹಾಡಿದಾಗ ಶ್ರುತಿಯಲ್ಲಿ, ಸಮಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತಲ್ಲ, ಆ ವ್ಯತ್ಯಾಸದಿಂದಲೇ ಒಬ್ಬ ಮನುಷ್ಯ ಗುಂಪಾಗಿ ಕೇಳಿಸೋದು. ಭಜನೆಯಲ್ಲಿ ಹತ್ತು ಜನ ಸ್ವಲ್ಪ ಹಿಂದೆಮುಂದೆ ದನಿಗೂಡಿಸಿದ ಹಾಗೆ.

ಅಲ್ಲಿ ಇದ್ದಿದ್ದು ಒಬ್ಬನೇ, ಹೌದು. ಆದರೆ ಕೇಳುಗರು ಆ ಜಾಗ ತುಂಬಿದರು. 'ದ ವುಲ್ವ್ಸ್' ಹಾಡಿನ ಕೊನೆಗೆ ಒಂದೇ ಸಾಲು ತಿರುಗಿ ತಿರುಗಿ ಬರುತ್ತೆ. ಕಾರ್ಯಕ್ರಮಗಳಲ್ಲಿ ವರ್ನನ್ ಅದನ್ನ ಪ್ರೇಕ್ಷಕರಿಂದಲೇ ಹಾಡಿಸ್ತಿದ್ದ. ಮೆಲ್ಲಗೆ ಶುರುವಾಗಿ ಕೊನೆಗೆ ಎಲ್ಲರೂ ಗಂಟಲು ಹರಿಯೋ ಹಾಗೆ ಕೂಗೋದು. ಕಾಡಿನ ಮನೆಯಲ್ಲಿ ತಾನೊಬ್ಬನೇ ಪದರ ಪದರವಾಗಿ ಕಟ್ಟಿದ ಗುಂಪಿನ ಜಾಗದಲ್ಲಿ ನಿಜವಾದ ಗುಂಪು. ಆ ವಿಡಿಯೋಗಳು ಯೂಟ್ಯೂಬಲ್ಲಿ ಸಿಗುತ್ತವೆ, ನೋಡಿ.

ಆಲ್ಬಂ ಕೇಳೋರಿಗೆ ಒಂದು ಮಾತು: ಶಫಲ್ ಆಫ್ ಮಾಡಿ, ಇಯರ್‌ಫೋನ್ ಹಾಕ್ಕೊಳ್ಳಿ, ಸಾಹಿತ್ಯ ಹುಡುಕೋಕೆ ಹೋಗಬೇಡಿ. ಕೊನೆಯ ಹಾಡು 'ರೀ: ಸ್ಟ್ಯಾಕ್ಸ್' ಆರು ನಿಮಿಷ ದಾಟುತ್ತೆ, ಗಿಟಾರು ಮತ್ತು ದನಿ ಬಿಟ್ಟರೆ ಹೆಚ್ಚೇನಿಲ್ಲ. ನಮ್ಮ ಹುಡುಗನ ಪ್ರಕಾರ ಅದನ್ನ ದಾವಣಗೆರೆ ದಾಟಿದ ಮೇಲೆ ಕೇಳಬೇಕಂತೆ, ಬಸ್ಸಿನ ಲೈಟ್ ಆರಿರುವಾಗ.