ಹಾಸಿಗೆ ಇದ್ದಷ್ಟೇ ಚಾಚುವ ನಗರ

ನಗರವನ್ನು ಸುಂದರಗೊಳಿಸುವ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಏಳುವುದು ಹಣದ ಪ್ರಶ್ನೆ. ಎಷ್ಟು ಕೋಟಿ ಬೇಕು, ಯಾರು ಕೊಡುತ್ತಾರೆ, ಎಲ್ಲಿಂದ ಸಾಲ ತರಬೇಕು ಎಂಬ ಲೆಕ್ಕಾಚಾರ ಮುಗಿಯುವ ಹೊತ್ತಿಗೆ, ಚೆಂದದ ನಗರವೆಂದರೆ ಯಾವುದು ಎಂಬ ಮೂಲ ಪ್ರಶ್ನೆಯೇ ಮರೆತುಹೋಗಿರುತ್ತದೆ. ಈ ಪ್ರಶ್ನೆಯನ್ನು ಇಂದು ಅತ್ಯಂತ ಗಂಭೀರವಾಗಿ ಕೇಳಿಕೊಳ್ಳುತ್ತಿರುವವರು ನಗರಯೋಜಕರಲ್ಲ, ಶಾಲೆಗೆ ಹೋಗುವ ಮಕ್ಕಳು. ಅವರು ಅದನ್ನು ಕೇಳಿಕೊಳ್ಳುತ್ತಿರುವ ಸ್ಥಳವೋ, ಹಿರಿಯರು ಕಣ್ಣಿಗೂ ಓದಿಗೂ ಕೇಡೆಂದು ಗೊಣಗುವ ಒಂದು ಗಣಕಯಂತ್ರದ ಆಟ.

ಆಟದ ಹೆಸರು ಮೈನ್‌ಕ್ರಾಫ್ಟ್. 2009ರಲ್ಲಿ ಸ್ವೀಡನ್ನಿನಲ್ಲಿ ಮೊದಲ ರೂಪ ತಳೆದು, 2011ರ ನವೆಂಬರ್‌ನಲ್ಲಿ ಪೂರ್ಣಪ್ರಮಾಣದಲ್ಲಿ ಹೊರಬಂದ ಇದನ್ನು 2014ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ 250 ಕೋಟಿ ಡಾಲರ್ ಕೊಟ್ಟು ತನ್ನದಾಗಿಸಿಕೊಂಡಿತು. 2023ರ ವೇಳೆಗೆ ಜಗತ್ತಿನಾದ್ಯಂತ ಮಾರಾಟವಾದ ಪ್ರತಿಗಳ ಸಂಖ್ಯೆ 30 ಕೋಟಿ ದಾಟಿತ್ತು. ಇದರಲ್ಲಿ ನೆಲ, ಬೆಟ್ಟ, ಕಾಡು ಎಲ್ಲವೂ ಒಂದು ಮೀಟರ್ ಉದ್ದಗಲ ಎತ್ತರದ ಬ್ಲಾಕ್‌ಗಳಿಂದ ಆದವು. ಬ್ಲಾಕ್ ಒಡೆದು ತೆಗೆಯಬಹುದು, ಬೇಕಾದಲ್ಲಿ ಇಟ್ಟು ಕಟ್ಟಬಹುದು. ಒಬ್ಬರೇ ಆಡಬಹುದು, ಒಂದೇ ಸರ್ವರ್‌ನಲ್ಲಿ ಹತ್ತಾರು, ನೂರಾರು ಮಂದಿ ಕೂಡಿ ಊರನ್ನೇ ಕಟ್ಟಬಹುದು.

ಆಟಕ್ಕೆ ಮುಖ್ಯವಾಗಿ ಎರಡು ಬಗೆಗಳಿವೆ. ಒಂದರಲ್ಲಿ ಸಾಮಗ್ರಿಗೆ ಮಿತಿಯೇ ಇಲ್ಲ. ಚಿನ್ನ, ವಜ್ರ ಎಲ್ಲವೂ ಕೈಗೆ ಬೇಕಾದಷ್ಟು. ಇನ್ನೊಂದರಲ್ಲಿ ಪ್ರತಿಯೊಂದು ಬ್ಲಾಕನ್ನೂ ದುಡಿದೇ ಸಂಪಾದಿಸಬೇಕು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಮಿತಿಯಿಲ್ಲದ ಆಟದಲ್ಲಿ ಹೊಸಬರು ಕಟ್ಟುವ ಊರುಗಳು ಸಾಮಾನ್ಯವಾಗಿ ಕುರೂಪವಾಗಿರುತ್ತವೆ. ಮುಗಿಲು ಮುಟ್ಟುವ ಗೋಪುರ, ಬೋಳುಗೋಡೆ, ಒಳಗೆ ನೋಡಿದರೆ ಖಾಲಿ. ಒಂಬತ್ತು ವಜ್ರ ಕೂಡಿಸಿದರೆ ಒಂದೇ ಒಂದು ವಜ್ರದ ಬ್ಲಾಕ್ ಆಗುತ್ತದೆ. ದುಡಿದು ಆಡುವವರಿಗೆ ಇದು ಕನಸಿನ ಮಾತು. ಪುಕ್ಕಟೆಯಾಗಿ ಸಿಕ್ಕವರು ಅದರಿಂದ ಇಡೀ ಅರಮನೆ ಕಟ್ಟುತ್ತಾರೆ. ಅದು ಅರಮನೆಯಂತೆ ಕಾಣದೆ ನೀಲಿ ಪೆಟ್ಟಿಗೆಯಂತೆ ಕಾಣುತ್ತದೆ.

ದುಡಿದು ಕಟ್ಟುವವರ ಊರು ಬೇರೆ. ಅಲ್ಲಿ ಹೇರಳವಾಗಿ ಸಿಗುವುದು ನೆಲ ಅಗೆದಾಗ ಬರುವ ಒರಟುಕಲ್ಲು ಮತ್ತು ಮರ. ಒಂದು ದಿಮ್ಮಿಯಿಂದ ನಾಲ್ಕು ಹಲಗೆ ಬ್ಲಾಕ್‌ಗಳು ದೊರೆಯುತ್ತವೆ; ಕಡಿದ ಮರದ ಎಲೆಗಳಿಂದ ಉದುರುವ ಸಸಿಯನ್ನು ಮತ್ತೆ ನೆಟ್ಟರೆ ಮರಕ್ಕೆ ಬರವಿಲ್ಲ. ಮೂರು ಬ್ಲಾಕ್‌ಗಳಿಂದ ಆರು ಅರ್ಧದಪ್ಪದ ಚಪ್ಪಡಿಗಳಾಗುತ್ತವೆ. ಸೂರಿಗೆ ಅವನ್ನೇ ಹಾಸಿದರೆ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಹುಲ್ಲುನೆಲದ ಮೇಲೆ ಸಲಿಕೆಯಾಡಿಸಿದರೆ ಸಾಕು, ಕಾಲುದಾರಿ ಮೂಡುತ್ತದೆ. ಅದಕ್ಕೆ ತಗಲುವ ವೆಚ್ಚ ಸಲಿಕೆಯ ಸವೆತವಷ್ಟೇ. ಒಂದು ತುಂಡು ಇದ್ದಿಲು, ಒಂದು ಕಡ್ಡಿ ಸೇರಿಸಿದರೆ ನಾಲ್ಕು ಪಂಜುಗಳು. ಕತ್ತಲಿದ್ದಲ್ಲಿ ಭೂತಗಳು ಹುಟ್ಟುವುದು ಆಟದ ನಿಯಮವಾದ್ದರಿಂದ, ಬೀದಿದೀಪ ಅಲ್ಲಿ ಅಲಂಕಾರವಲ್ಲ, ಜೀವರಕ್ಷಣೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಬಡತನದ ಸಮಾಧಾನವೆಂದು ತಿಳಿದಿದ್ದೇವೆ. ಈ ಆಟದಲ್ಲಿ ಅದು ಸೌಂದರ್ಯದ ಸೂತ್ರವಾಗಿದೆ. ಪಳಗಿದ ಆಟಗಾರರು ಹೊಸಬರಿಗೆ ಹೇಳುವ ಬುದ್ಧಿಮಾತುಗಳನ್ನು ಗಮನಿಸಿ. ಇಡೀ ಊರಿಗೆ ಮೂರೋ ನಾಲ್ಕೋ ಸಾಮಗ್ರಿಗಳನ್ನು ಆರಿಸಿಕೊಂಡು ಅವಕ್ಕೇ ಬದ್ಧರಾಗಿರಿ. ಗುಡ್ಡವನ್ನು ಸಮತಟ್ಟು ಮಾಡಲು ಹೋಗಬೇಡಿ, ದಾರಿಯನ್ನೇ ಗುಡ್ಡದ ಏರಿಳಿತಕ್ಕೆ ಹೊಂದಿಸಿ. ಮನೆಗಳ ಎತ್ತರದ ಬಗ್ಗೆ ಮೊದಲೇ ಒಪ್ಪಂದ ಮಾಡಿಕೊಳ್ಳಿ. ನಡುವೆ ಎಲ್ಲರೂ ಸೇರುವ ಚೌಕವೊಂದನ್ನು ಖಾಲಿ ಬಿಡಿ. ಎರಡು ಮನೆಗಳ ನಡುವಿನ ಸಂದಿಯಲ್ಲಿ ಗಿಡವನ್ನೋ ಬೇಲಿಯನ್ನೋ ಇಡಿ. ಇವುಗಳಲ್ಲಿ ಒಂದಕ್ಕೂ ವಜ್ರ ಬೇಕಿಲ್ಲ. ಬೇಕಾಗಿರುವುದು ಸಂಯಮ ಮತ್ತು ನೆರೆಯವರೊಂದಿಗೆ ಮಾತುಕತೆ.

ಈ ಮಾತುಕತೆಯೇ ಕಷ್ಟದ ಭಾಗ. ಹಲವು ಸರ್ವರ್‌ಗಳು ‘ಟೌನಿ’ ಎಂಬ ಜೋಡಣಾ ತಂತ್ರಾಂಶವನ್ನು ಬಳಸುತ್ತವೆ. ಅದರಲ್ಲಿ ಊರಿಗೊಬ್ಬ ಮೇಯರ್ ಇರುತ್ತಾನೆ. ನೆಲವನ್ನು ಸಾಮಾನ್ಯವಾಗಿ 16 ಬ್ಲಾಕ್ ಉದ್ದ, 16 ಬ್ಲಾಕ್ ಅಗಲದ ನಿವೇಶನಗಳಾಗಿ ಊರಿನ ಬೊಕ್ಕಸದ ಹಣದಿಂದ ಕೊಳ್ಳಬೇಕು. ನಿವಾಸಿಗಳು ತೆರಿಗೆ ಕಟ್ಟುತ್ತಾರೆ. ಊರಿನ ನಿರ್ವಹಣಾ ವೆಚ್ಚ ದಿನವೂ ಬೊಕ್ಕಸದಿಂದ ಕಡಿತವಾಗುತ್ತದೆ. ಬೊಕ್ಕಸ ಬರಿದಾದರೆ ಊರು ಊರಾಗಿ ಉಳಿಯುವುದಿಲ್ಲ. ಹೆಚ್ಚು ನೆಲ ಕಬಳಿಸಿದ ಮೇಯರ್ ಹೆಚ್ಚು ದಿನ ಬಾಳುವುದಿಲ್ಲ ಎಂಬುದನ್ನು ಹನ್ನೆರಡು ವರ್ಷದ ಬಾಲಕ ಅಲ್ಲಿ ಅನುಭವದಿಂದ ಕಲಿಯುತ್ತಾನೆ. ಕಟ್ಟುವ ಖರ್ಚು ಒಮ್ಮೆ, ಕಾಪಾಡುವ ಖರ್ಚು ನಿತ್ಯ. ಉದ್ಘಾಟನೆಯ ಫಲಕ ನೆಟ್ಟು ನಿರ್ವಹಣೆಗೆ ಹಣ ಮರೆಯುವ ನಮ್ಮ ಸ್ಥಳೀಯ ಸಂಸ್ಥೆಗಳು ಇನ್ನೂ ಕಲಿಯದ ಪಾಠ ಇದು.

ಇನ್ನೊಂದು ವಿವರವೂ ಗಮನಾರ್ಹ. ಕೂಡಿ ಕಟ್ಟಿದ ಊರನ್ನು ಕೆಡವಿ ಸಂತೋಷಪಡುವವರು ಅಲ್ಲಿಯೂ ಇದ್ದಾರೆ. ಅದಕ್ಕೆಂದೇ ಅನೇಕ ಸರ್ವರ್‌ಗಳು ‘ಕೋರ್‌ಪ್ರೊಟೆಕ್ಟ್’ ಎಂಬ ದಾಖಲೆ ವ್ಯವಸ್ಥೆಯನ್ನು ಇಟ್ಟುಕೊಂಡಿವೆ. ಯಾವ ಬ್ಲಾಕನ್ನು ಯಾರು, ಯಾವಾಗ ಇಟ್ಟರು, ಯಾರು ಒಡೆದರು ಎಂಬುದೆಲ್ಲ ಅದರಲ್ಲಿ ನಮೂದಾಗುತ್ತದೆ. ಕೆಡವಿದ್ದನ್ನು ಯಥಾಸ್ಥಿತಿಗೆ ತರಲೂ ಸಾಧ್ಯ. ಡಾಂಬರು ಹಾಕಿದ ಮಾರನೆಯ ವಾರವೇ ಅಗೆದ ರಸ್ತೆಯ ಮುಂದೆ ನಿಂತು, ಇದನ್ನು ಅಗೆದವರು ಜಲಮಂಡಳಿಯವರೋ ವಿದ್ಯುತ್ ಕಂಪನಿಯವರೋ ಕೇಬಲ್‌ನವರೋ ಎಂದು ತಿಳಿಯದೆ ಮರಳುವ ನಾಗರಿಕನಿಗೆ ಇದರ ಬೆಲೆ ಗೊತ್ತು.

ಆಟ ಆಟವೇ, ಬದುಕು ಬದುಕೇ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಮೈನ್‌ಕ್ರಾಫ್ಟ್ ಊರಿನಲ್ಲಿ ಒಳಚರಂಡಿ ಕಟ್ಟಿಕೊಳ್ಳುವುದಿಲ್ಲ. ಗಾರೆ ಕೆಲಸದವನಿಗೆ ದಿನಗೂಲಿ ಕೊಡಬೇಕಾಗಿಲ್ಲ. ಬುಡದ ಬ್ಲಾಕ್ ತೆಗೆದರೂ ಮೇಲಿನ ಗೋಡೆ ಗಾಳಿಯಲ್ಲಿ ನಿಲ್ಲುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಅಲ್ಲಿ ರಸ್ತೆ ಅಗಲವಾಗಲೆಂದು ಯಾರ ಗುಡಿಸಲೂ ನೆಲಸಮವಾಗುವುದಿಲ್ಲ. ನಿಜವಾದ ನಗರದ ಕಡು ಕಷ್ಟದ ಪ್ರಶ್ನೆಗಳೆಲ್ಲ ನೆಲದ ಒಡೆತನಕ್ಕೆ, ಜಾತಿಗೆ, ದುಡಿಮೆಗೆ ಅಂಟಿಕೊಂಡಿವೆ. ಚೌಕಾಕಾರದ ಬ್ಲಾಕ್‌ಗಳು ಅವಕ್ಕೆ ಉತ್ತರ ಕೊಡಲಾರವು.

ಆದರೆ ಆ ಪ್ರಶ್ನೆಗಳನ್ನು ಕೇಳುವ ಅವಕಾಶವನ್ನು ಅವು ಕೊಡಬಲ್ಲವು. ಇದು ಕೇವಲ ಕಲ್ಪನೆಯಲ್ಲ. 2012ರಲ್ಲಿ ವಿಶ್ವಸಂಸ್ಥೆಯ ವಸತಿ ಕಾರ್ಯಕ್ರಮವಾದ ಯುಎನ್-ಹ್ಯಾಬಿಟ್ಯಾಟ್, ಆಟದ ತಯಾರಕರಾದ ಮೊಜಾಂಗ್ ಸಂಸ್ಥೆಯೊಂದಿಗೆ ಕೂಡಿ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆಯನ್ನು ಆರಂಭಿಸಿತು. ಸುಧಾರಿಸಬೇಕಾದ ಸಾರ್ವಜನಿಕ ಜಾಗವನ್ನು ಮೊದಲು ಇದ್ದದ್ದು ಇದ್ದಂತೆ ಆಟದೊಳಗೆ ರೂಪಿಸುವುದು. ಆ ಬಡಾವಣೆಯ ನಿವಾಸಿಗಳನ್ನು ಸಣ್ಣ ಸಣ್ಣ ಗುಂಪುಗಳಾಗಿ ಗಣಕಯಂತ್ರದ ಮುಂದೆ ಕೂರಿಸಿ, ತಮಗೆ ಬೇಕಾದ ಜಾಗವನ್ನು ತಾವೇ ಕಟ್ಟಿ ತೋರಿಸಲು ಹೇಳುವುದು. ಅವರು ಕಟ್ಟಿದ್ದನ್ನು ಅಧಿಕಾರಿಗಳ ಮುಂದಿಟ್ಟು ಯಾವುದು ಮೊದಲು, ಯಾವುದು ನಂತರ ಎಂದು ಚರ್ಚಿಸುವುದು. ಇಷ್ಟೇ ವಿಧಾನ. ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ, ಕಾಠ್ಮಂಡು ಸಮೀಪದ ಕೀರ್ತಿಪುರದ ಡೇ ಪುಖು ಎಂಬ ಹಳೆಯ ಕೊಳದ ಆವರಣದಲ್ಲಿ, ಹೈಟಿಯ ಲೆ ಕೇ ಪಟ್ಟಣದ ಕಡಲತೀರದಲ್ಲಿ ಇದನ್ನು ಬಳಸಲಾಗಿದೆ. ವಿಯೆಟ್ನಾಮಿನ ಹನೋಯ್ ಹೊರವಲಯದಲ್ಲಿ ಶಾಲಾ ಬಾಲಕಿಯರು ತಮಗೆ ಸುರಕ್ಷಿತವೆನಿಸುವ ಬೀದಿ ಹೇಗಿರಬೇಕೆಂದು ಇದೇ ಆಟದಲ್ಲಿ ಕಟ್ಟಿ ತೋರಿಸಿದರು.

ಈ ಯೋಜನೆಯ ಹಿರಿಮೆ ಅದರ ತಂತ್ರಜ್ಞಾನದಲ್ಲಿಲ್ಲ. ನಗರಯೋಜನೆಯ ನಕ್ಷೆ ಸಾಮಾನ್ಯರಿಗೆ ಅರ್ಥವಾಗದ ಭಾಷೆ. ನೀಲನಕ್ಷೆಯನ್ನು ಗೋಡೆಗೆ ಅಂಟಿಸಿ ಮೂವತ್ತು ದಿನದೊಳಗೆ ಆಕ್ಷೇಪಣೆ ಸಲ್ಲಿಸಿರೆಂದು ಪ್ರಕಟಣೆ ಹೊರಡಿಸಿದರೆ, ಆಕ್ಷೇಪಿಸುವವರು ವಕೀಲರೂ ನಿವೇಶನದ ವ್ಯಾಪಾರಿಗಳೂ ಮಾತ್ರ. ಸೊಪ್ಪು ಮಾರುವ ಹೆಂಗಸಿಗೆ ಆ ನಕ್ಷೆ ಓದಲು ಬಾರದಿರಬಹುದು. ಆದರೆ ದೀಪದ ಕಂಬ ಎಲ್ಲಿರಬೇಕು, ನೀರಿನ ನಲ್ಲಿ ಎಲ್ಲಿರಬೇಕು ಎಂಬುದು ಆಕೆಗೆ ಅಭಿಯಂತರನಿಗಿಂತ ಚೆನ್ನಾಗಿ ಗೊತ್ತು. ತೆರೆಯ ಮೇಲೆ ಬ್ಲಾಕ್ ಇಟ್ಟು ತೋರಿಸುವುದಕ್ಕೆ ಅಕ್ಷರಜ್ಞಾನವೂ ಬೇಕಿಲ್ಲ.

ಬೆಂಗಳೂರಿನ ಓದುಗರಿಗೆ ಕಡಿಮೆ ಖರ್ಚಿನ ಸೌಂದರ್ಯವೇನೂ ಹೊಸ ವಿಷಯವಲ್ಲ. 1908ರಲ್ಲಿ ಇಲ್ಲಿಗೆ ಬಂದು ಲಾಲ್‌ಬಾಗ್‌ನ ಹೊಣೆ ಹೊತ್ತ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಬೇರೆ ಬೇರೆ ಕಾಲದಲ್ಲಿ ಅರಳುವ ಮರಗಳನ್ನು ಆರಿಸಿ, ವರ್ಷದ ಯಾವುದೇ ತಿಂಗಳಲ್ಲೂ ಯಾವುದಾದರೊಂದು ಬೀದಿ ಹೂವಿನಿಂದ ತುಂಬಿರುವಂತೆ ಯೋಜಿಸಿದರು. ಸಸಿಯ ಬೆಲೆ ಎಷ್ಟು? ಬೆಲೆಬಾಳುವುದು ಆರಿಸುವ ವಿವೇಕ ಮತ್ತು ಕಾಯುವ ತಾಳ್ಮೆ. ಅವರು 1956ರಲ್ಲಿ ತೀರಿಕೊಂಡರು. ಆ ಯೋಜನೆಯ ನೆರಳಿನಲ್ಲಿ ನಾವು ಇಂದಿಗೂ ನಡೆಯುತ್ತಿದ್ದೇವೆ, ಮೇಲ್ಸೇತುವೆಗಾಗಿ ಆ ಮರಗಳನ್ನೇ ಕಡಿಯುತ್ತಲೂ ಇದ್ದೇವೆ.

ವಿವೇಕ, ತಾಳ್ಮೆಗಳಿಗಿಂತ ನಮ್ಮಲ್ಲಿ ಹೆಚ್ಚು ಕೊರತೆಯಾಗಿರುವುದು ಬ್ಲಾಕ್ ಇಡುವ ಹಕ್ಕು. 1992ರ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕೆಂದು ವಿಧಿಸಿತು. ಬೆಂಗಳೂರಿನಲ್ಲಿ ಆದದ್ದೇನು? ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷಗಳ ಕಾಲ ಚುನಾವಣೆಯೇ ನಡೆಯದೆ, 2025ರ ಸೆಪ್ಟೆಂಬರ್‌ನಲ್ಲಿ ಆ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದವು. ಆಟದ ಊರಿನಲ್ಲಾದರೂ ಮೇಯರ್ ಯಾರೆಂದು ಗೊತ್ತಿರುತ್ತದೆ, ಬೊಕ್ಕಸದಲ್ಲಿ ಎಷ್ಟಿದೆಯೆಂದು ನಿವಾಸಿ ಕೇಳಬಹುದು. ಒಂದು ಕೋಟಿಗೂ ಮಿಕ್ಕಿ ಜನರಿರುವ ನಗರದ ಮಕ್ಕಳು ಸ್ವಯಮಾಡಳಿತದ ಮೊದಲ ಪಾಠವನ್ನು ತಮ್ಮ ವಾರ್ಡ್‌ನಲ್ಲಿ ಕಲಿಯದೆ ಪರದೆಯ ಮೇಲೆ ಕಲಿಯುವಂತಾದುದು ಆ ಮಕ್ಕಳ ದೋಷವಲ್ಲ.

ಹಾಗಾದರೆ ಮಾಡಬಹುದಾದದ್ದೇನು? ಪ್ರತಿ ವಾರ್ಡ್‌ನಲ್ಲೂ ಒಂದು ಪಾಳುಬಿದ್ದ ಮೂಲೆ, ಒಂದು ಬಸ್ ನಿಲ್ದಾಣದ ಹಿಂಬದಿ, ಕೆರೆಯ ಒಂದು ದಂಡೆ ಇದ್ದೇ ಇದೆ. ಅದಕ್ಕೆ ಸಣ್ಣದೊಂದು ಮೊತ್ತವನ್ನು ನಿಗದಿಪಡಿಸಿ ಬಹಿರಂಗವಾಗಿ ಘೋಷಿಸಲಿ. ಟೆಂಡರ್ ಕರೆಯುವ ಮೊದಲು, ಹತ್ತಿರದ ಸರ್ಕಾರಿ ಶಾಲೆಯ ಗಣಕಯಂತ್ರ ಕೊಠಡಿಯಲ್ಲಿ ಬೀದಿಬದಿ ವ್ಯಾಪಾರಿಗಳನ್ನೂ ಪೌರಕಾರ್ಮಿಕರನ್ನೂ ಹಿರಿಯರನ್ನೂ ಮಕ್ಕಳನ್ನೂ ಕೂರಿಸಿ ಆ ಮೂಲೆಯನ್ನು ಕಟ್ಟಿಸಲಿ. ಆಟ ಕೊಳ್ಳಲು ಹಣವಿಲ್ಲವೆಂಬ ನೆಪವೂ ಸಲ್ಲದು. ಹಿಂದೆ ಮೈನ್‌ಟೆಸ್ಟ್ ಎಂದು ಹೆಸರಾಗಿದ್ದ, 2024ರಿಂದ ಲುವಾಂಟಿ ಎಂದು ಕರೆಯಲಾಗುವ ಇಂಥದೇ ಬ್ಲಾಕ್ ಆಟದ ತಂತ್ರಾಂಶ ಉಚಿತವೂ ಮುಕ್ತವೂ ಆಗಿದೆ. ಪ್ರತಿ ಬ್ಲಾಕ್‌ಗೂ ನಿಜವಾದ ದರಪಟ್ಟಿಯಿಂದ ಒಂದು ಬೆಲೆ ಕಟ್ಟಲಿ. ಗ್ರಾನೈಟ್ ನೆಲಹಾಸು ಬೇಕೋ, ಅದೇ ಹಣದಲ್ಲಿ ಹತ್ತು ಬೀದಿದೀಪ, ಒಂದು ಶೌಚಾಲಯ ಮತ್ತು ಇಪ್ಪತ್ತು ಹೊಂಗೆ ಸಸಿಗಳು ಬೇಕೋ ಎಂಬುದನ್ನು ಅಲ್ಲಿ ಬದುಕುವವರೇ ತೀರ್ಮಾನಿಸಲಿ. ಐದು ವರ್ಷದ ನಿರ್ವಹಣೆಗೆ ಬೇಕಾದ ಹಣವನ್ನು ಅದೇ ಲೆಕ್ಕದಲ್ಲಿ ಮೊದಲೇ ತೆಗೆದಿಡಲಿ.

ಜನ ತಪ್ಪು ನಿರ್ಧಾರ ಮಾಡಿದರೆ ಎಂಬ ಭಯ ಅಧಿಕಾರಿಗಳಿಗೆ ಇರಬಹುದು. ಮಾಡಲಿ. ಪರದೆಯ ಮೇಲಿನ ತಪ್ಪನ್ನು ಒಂದು ಸಂಜೆಯಲ್ಲಿ ಕೆಡವಿ ಮತ್ತೆ ಕಟ್ಟಬಹುದು. ಕಾಂಕ್ರೀಟಿನಲ್ಲಿ ಮಾಡಿದ ತಪ್ಪಿನೊಂದಿಗೆ ಎರಡು ತಲೆಮಾರು ಬದುಕಬೇಕಾಗುತ್ತದೆ. ಮನೆಯಲ್ಲಿ ಊರು ಕಟ್ಟುತ್ತ ಕುಳಿತ ಮಗುವಿಗೆ ಆಟ ಸಾಕು, ಏಳು ಎಂದು ಗದರುವ ಮುನ್ನ, ಅದು ಹತ್ತಿರದ ಪಾಳು ಉದ್ಯಾನಕ್ಕೆ ಏನು ಮಾಡುತ್ತಿತ್ತೆಂದು ಕೇಳಿ ನೋಡಬಾರದೇಕೆ? ಆ ಉತ್ತರವನ್ನು ಕೇಳಿಸಿಕೊಳ್ಳಲು ವಾರ್ಡ್ ಕಚೇರಿಯಲ್ಲೊಂದು ಕುರ್ಚಿ ಇರುವಂತೆ ನೋಡಿಕೊಳ್ಳುವುದು ದೊಡ್ಡವರಾದ ನಮ್ಮ ಕೆಲಸ.