ಮೊದಲು ಕೊಳವೆ, ಆಮೇಲೆ ಡಾಂಬರು

ಬೆಂಗಳೂರಿನ ಬೀದಿಗೆ ಹೊಸ ಡಾಂಬರು ಬಿದ್ದಾಗ ನಿವಾಸಿಗಳಲ್ಲಿ ಸಂತೋಷಕ್ಕಿಂತ ಮೊದಲು ಮೂಡುವುದು ಶಂಕೆ: ಇದನ್ನು ಅಗೆಯಲು ಜಲಮಂಡಳಿಯವರು ಯಾವಾಗ ಬರುತ್ತಾರೆ? ಶಂಕೆ ನಿರಾಧಾರವಲ್ಲ. ರಸ್ತೆ ಪಾಲಿಕೆಯದು, ಅದರಡಿಯ ಕೊಳವೆ 1964ರಲ್ಲಿ ಸ್ಥಾಪನೆಯಾದ ಜಲಮಂಡಳಿಯದು. ಆಯವ್ಯಯ ಬೇರೆ, ಗುತ್ತಿಗೆದಾರರು ಬೇರೆ, ಆದ್ಯತೆಗಳೂ ಬೇರೆ. ಬೀದಿ ಮಾತ್ರ ಒಂದೇ.

ಇದರ ಪರಿಣಾಮವನ್ನು ಹೆಚ್ಚು ಅನುಭವಿಸಿದ್ದು 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳು. ಅವುಗಳಿಗಾಗಿ ರೂಪಿಸಿದ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ 17 ವರ್ಷ ಅಲ್ಲಿನ ಜನ ಆಸ್ತಿ ತೆರಿಗೆಯನ್ನೂ ಕಟ್ಟಿದರು, ಟ್ಯಾಂಕರ್ ನೀರಿಗೂ ಹಣ ತೆತ್ತರು. ಕೊಳವೆಗಾಗಿ ಅಗೆದ ರಸ್ತೆಗಳ ದೂಳನ್ನೂ ಕುಡಿದರು.

ಹಳೆಯ ಬಡಾವಣೆಗಳ ಸಮಸ್ಯೆ ಬೇರೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತಂದ ನೀರಿನ ಕಾಲು ಭಾಗಕ್ಕೂ ಹೆಚ್ಚು ಪಾಲು ವರ್ಷಗಟ್ಟಲೆ ಲೆಕ್ಕಕ್ಕೆ ಸಿಗದೆ ಹೋಗಿದೆ. ಸೋರುವ ಹಳೆಯ ಕೊಳವೆಗಳೂ ಇದಕ್ಕೆ ಕಾರಣ. ಅಂಥ ಕೊಳವೆಯ ಮೇಲೆ ಡಾಂಬರು ಹಾಕುವುದೆಂದರೆ ಸೋರುವ ಮಾಳಿಗೆಯಡಿ ಗೋಡೆಗೆ ಸುಣ್ಣ ಬಳಿದಂತೆ.

ಹಾಗಿದ್ದರೂ ಡಾಂಬರಿಗೇ ಬೇಡಿಕೆ ಹೆಚ್ಚು. ಅದು ಕಣ್ಣಿಗೆ ಕಾಣುತ್ತದೆ. ಕೊಳವೆ ಮಣ್ಣಿನಡಿ ಮರೆಯಾಗುತ್ತದೆ. ಕೊಳವೆಗಾಗಿ ಕಾಯುತ್ತ ಕುಳಿತರೆ ರಸ್ತೆಯೇ ಆಗುವುದಿಲ್ಲವೆಂಬ ನಿವಾಸಿಗಳ ವಾದವನ್ನೂ ತಳ್ಳಿಹಾಕಲಾಗದು. ಅದಕ್ಕೆ ಉತ್ತರ, ಕೊಳವೆ ಕಾಮಗಾರಿಗೆ ದಿನಾಂಕ ನಿಗದಿಪಡಿಸಿ ಅಲ್ಲಿಯವರೆಗೆ ಗುಂಡಿಗಳನ್ನಷ್ಟೇ ಮುಚ್ಚುವುದು. ರಸ್ತೆ ಅಗೆತದ ಶುಲ್ಕ ಕಂದಕ ಮುಚ್ಚುವ ಖರ್ಚನ್ನು ತುಂಬೀತು. ಕುಗ್ಗಿದ ರಸ್ತೆಯ ಆಯುಷ್ಯವನ್ನು, ವ್ಯಾಪಾರಿಯ ನಷ್ಟವನ್ನು, ಬಿದ್ದ ಸವಾರನ ಮುರಿದ ಮೂಳೆಯನ್ನು ತುಂಬದು. ಅರ್ಥಶಾಸ್ತ್ರದಲ್ಲಿ ಇದು ಬಾಹ್ಯ ವೆಚ್ಚ: ಒಬ್ಬರ ತೀರ್ಮಾನಕ್ಕೆ ಮತ್ತೊಬ್ಬರು ತೆರುವ ದಂಡ.

ವಂತಿಗೆ ಕೇಳುವಾಗ ಮತ್ತಷ್ಟು ಎಚ್ಚರ ಬೇಕು. 2000ದ ದಶಕದ ಮಧ್ಯಭಾಗದಲ್ಲಿ ಹೊರವಲಯದ ನಗರಸಭೆಗಳ ನಿವಾಸಿಗಳಿಂದ ನೀರಿನ ಯೋಜನೆಗೆ ಮುಂಗಡ ಹಣ ಪಡೆಯಲಾಯಿತು. ನಾಲ್ಕನೇ ಹಂತದ ಎರಡನೇ ಘಟ್ಟ ಪೂರ್ಣಗೊಂಡದ್ದು 2012ರಲ್ಲಿ. ದಿನಾಂಕವಿಲ್ಲದ ರಸೀದಿ ಸರ್ಕಾರದ ಮೇಲಿನ ನಂಬಿಕೆಯನ್ನೇ ಕರಗಿಸುತ್ತದೆ.

ಪರಿಹಾರಕ್ಕೆ ಹೊಸ ಕಾನೂನು ಬೇಕಿಲ್ಲ. 3 ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳಿರಬೇಕೆಂದು 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯೇ ಹೇಳಿದೆ. ಪ್ರತಿ ಬೀದಿಗೂ ಒಂದೇ ಕಡತವಿರಲಿ. ಕೊಳವೆಯ ವಯಸ್ಸು, ಸೋರಿಕೆ, ಒಳಚರಂಡಿಯ ಸ್ಥಿತಿ, ಕೇಬಲ್‌ಗಳ ಜಾಗ, ಒಟ್ಟು ಅಂದಾಜು ವೆಚ್ಚ ಅದರಲ್ಲಿರಲಿ. ಪಾಲಿಕೆ ಮತ್ತು ಜಲಮಂಡಳಿಯ ಎಂಜಿನಿಯರುಗಳಿಬ್ಬರೂ ಸಹಿ ಹಾಕಿ ಅದನ್ನು ಸಮಿತಿಯ ಮುಂದಿಡಲಿ. ಸಭೆ ಮನೆಮಾಲೀಕರ ಸಂಘದ ಸಭೆಯಾಗದೆ, ಬಾಡಿಗೆದಾರರಿಗೂ ಸಾರ್ವಜನಿಕ ನಲ್ಲಿಯನ್ನೇ ನಂಬಿದವರಿಗೂ ಅಲ್ಲಿ ದನಿ ಇರಲಿ. ಡಾಂಬರು ಬಿದ್ದ ಮೇಲೆ ತುರ್ತು ದುರಸ್ತಿಯ ಹೊರತು 5 ವರ್ಷ ಗುದ್ದಲಿ ತಾಗದಿರಲಿ.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಬಳಿಕ ನಗರ 5 ವರ್ಷಗಳಿಗೂ ಹೆಚ್ಚು ಕಾಲ ಚುನಾಯಿತ ಪ್ರತಿನಿಧಿಗಳಿಲ್ಲದೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆಯ ಜಾಗಕ್ಕೆ ಐದು ಬಂದವು. ಐದೂ ಪಾಲಿಕೆಗಳು ಜಲಮಂಡಳಿಯೊಡನೆ ಒಂದೇ ಕಡತ ಓದದಿದ್ದರೆ, ಒಬ್ಬರು ಅಗೆಯುವ ಬೀದಿಯನ್ನು ಮುಚ್ಚಲು ಐವರನ್ನು ನೇಮಿಸಿದಂತಾದೀತು.